ಮಹಡಿ ಬಚ್ಚಲಿಗೆ ಬಂದ ಕಬ್ಬಿಣದ ತೊಟ್ಟಿ

ಮನೆ ಕಟ್ಟಿಸುವವರ ಜೊತೆಗಿದ್ದರೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಹೊಸೂರಿಗೆ ಕಾರ್ಖಾನೆಗಳು ಬರತೊಡಗಿದ ಕಾಲದಲ್ಲಿ ನಾನು ಅಲ್ಲಿ ಗಾರೆ ಮೇಸ್ತ್ರಿ. ಒಂದು ಮನೆಯಂತೂ ನನ್ನನ್ನು ಬಹಳ ನಗಿಸಿತು.

೧. ನೆಲ ತಡೆಯುತ್ತದಾ?

ಮನೆಯ ಯಜಮಾನ ಸೂಳಗಿರಿ ಕಡೆಯ ರೈತರ ಮಗ, ಕಾರ್ಖಾನೆ ನೌಕರ. ಅವನ ತಾಯಿಗೆ ಮಂಡಿನೋವು. ಬಿಸಿನೀರಲ್ಲಿ ಕಾಲು ಮುಳುಗಿಸಿ ಕೂರಲಿ ಎಂದು ಡಾಕ್ಟರು ಹೇಳಿದ್ದೇ ತಡ, ಪುಣ್ಯಾತ್ಮ ಹರಾಜಿನಲ್ಲಿ ಯಾವುದೋ ಬಂಗಲೆಯ ಕಬ್ಬಿಣದ ಸ್ನಾನದ ತೊಟ್ಟಿಯನ್ನೇ ತಂದ. ಕೆಳಗಿನ ಬಚ್ಚಲು ಚಿಕ್ಕದು, ಅದರಲ್ಲಿ ತೊಟ್ಟಿ ಹಿಡಿಸಲಿಲ್ಲ. ಮಹಡಿಯಲ್ಲಿ ನಾನು ಆಗತಾನೇ ಮುಗಿಸಿದ್ದ ದೊಡ್ಡ ಬಚ್ಚಲಿತ್ತು.

"ಮೇಸ್ತ್ರಿ, ಮ್ಯಾಲೆ ಇಕ್ಕಿದ್ರೆ ನೆಲ ತಡೀತದಾ? ನಮ್ಮವ್ವ ಅದ್ರಾಗೆ ಕುಂತ್ಕಬೇಕು."

ಅವನ ಆಸೆ ಕಂಡು ಮನಸ್ಸು ತುಂಬಿ ಬಂತು, ಆದರೆ ನನಗೂ ಅನುಮಾನವೇ. ಪಕ್ಕದ ಮನೆಯ ತಮಿಳು ಮೇಷ್ಟ್ರನ್ನು ಕೇಳಿದೆವು. ಅವರು ಕಾಗದದ ಮೇಲೆ ಲೆಕ್ಕ ಹಾಕಿ, "ತಾಂಗುಂ ಸಾರ್, ತಾಂಗುಂ", ತಡೆಯುತ್ತದೆ ಎಂದು ಧೈರ್ಯ ಹೇಳಿದರು. ನೀರು ಮಾತ್ರ ತುಂಬಬೇಡಿ ಅಂದರು.

೨. ಲೋಡ್ ಟೆಸ್ಟ್

"ಕಾರ್ಖಾನೇಲಿ ಮಾಡ್ದಂಗೆ ಲೋಡ್ ಟೆಸ್ಟ್ ಮಾಡ್ಬುಡಾನ" ಅಂದ ಯಜಮಾನ. ಜವಳಗಿರಿಯಿಂದ ತನ್ನ ಮಗುವಿನ ನಾಮಕರಣಕ್ಕೆ ಬಂದಿದ್ದ ನೆಂಟರನ್ನೆಲ್ಲ ಮಹಡಿ ಬಚ್ಚಲಿಗೆ ತುಂಬಿದ. ನಾನು ಬಿರುಕು ನೋಡಲು ಕೆಳಗೆ ನಿಂತೆ. ಬುದ್ಧಿ ಇದ್ದವನು ಅಲ್ಲಿ ನಿಲ್ಲುತ್ತಿರಲಿಲ್ಲ.

ನೆಲ ಮಿಸುಕಲಿಲ್ಲ. ಆದರೆ ಬಚ್ಚಲಿಗೆ ಹೋದವರ ಅಭ್ಯಾಸದಂತೆ, ಕೊನೆಗೆ ಹೊಕ್ಕ ಅವನ ಸೋದರಮಾವ ಬಾಗಿಲು ಮುಚ್ಚಿ ಚಿಲಕ ಹಾಕಿದ್ದರು. ಬಾಗಿಲು ತೆರೆಯುವುದು ಒಳಕ್ಕೆ. ಒಳಗೆ ಕಾಲಿಡಲೂ ಜಾಗವಿಲ್ಲ.

"ಮೇಸ್ತ್ರಿ, ನೆಲ ಬೋ ಗಟ್ಟಿ ಐತೆ ಕಣಪ್ಪಾ! ಬಾಗ್ಲು ತೆಗ್ಯಕ್ಕೆ ಇಬ್ರನ್ನ ಎಲ್ಲಿಗೆ ಕಳಿಸಾನ?" ಎಂದು ಸೋದರಮಾವ ಒಳಗಿಂದಲೇ ಕೂಗಿದರು.

೩. ಅವ್ವನ ಸರದಿ

ಕೊನೆಗೆ ಹುಡುಗರನ್ನು ಹೆಗಲಿಗೇರಿಸಿಕೊಂಡು, ಬಾಗಿಲಿಗೆ ಜಾಗ ಮಾಡಿ ಹೇಗೋ ಹೊರಬಂದ ಅದೇ ನೆಂಟರು ತೊಟ್ಟಿಯನ್ನು ಹೊತ್ತು ಮಹಡಿಗೇರಿಸಿದರು. ಹಂಡೆಯ ಬಿಸಿನೀರು ತುಂಬಿದೆವು. ನೆಲ ಜಗ್ಗಲಿಲ್ಲ. ನನಗೋ ಮೀಸೆ ತಿರುವುವ ಹುಮ್ಮಸ್ಸು.

"ಅವ್ವಾ, ಬಾ ಮ್ಯಾಲಕ್ಕೆ!" ಎಂದು ಮಗ ಕೂಗಿದ.

ಅವ್ವ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. "ಮೆಟ್ಲು ಹತ್ತಕ್ಕಾಗಿದ್ರೆ ಈ ತೊಟ್ಟಿ ನಂಗ್ಯಾಕ್ಲಾ ಬೇಕಿತ್ತು?"

೪. ಮಹಡಿ ನೋಡಿದ್ದು

ತೊಟ್ಟಿಯನ್ನು ಇಳಿಸಿ, ಹಿತ್ತಲಲ್ಲಿಟ್ಟು, ಸುತ್ತ ತಗಡಿನ ಮರೆ ಕಟ್ಟಿಕೊಟ್ಟೆ. ಅವ್ವ ದಿನಾ ಬಿಸಿನೀರಲ್ಲಿ ಕೂತರು. ಕೆಲವು ತಿಂಗಳ ಮೇಲೆ ನಾನು ಮಹಡಿಗೆ ಸುಣ್ಣ ಬಳಿಯುತ್ತಿದ್ದಾಗ, ಗೋಡೆ ಹಿಡಿದುಕೊಂಡು ಅವರೇ ಮೆಟ್ಟಿಲು ಹತ್ತಿ ಬಂದುಬಿಟ್ಟರು! ಮಗನ ಕಣ್ಣಲ್ಲಿ ನೀರು, ನನಗೂ ಹೇಳಲಾರದಷ್ಟು ಖುಷಿ.

ಅವ್ವ ಸೊಂಟದ ಮೇಲೆ ಕೈಯಿಟ್ಟು ಬಚ್ಚಲನ್ನೊಮ್ಮೆ ಸುತ್ತ ನೋಡಿದರು.

"ಏನ್ಲಾ ಮಗ, ಇಷ್ಟಗಲ ಜಾಗ ಖಾಲಿ ಬುಟ್ಟಿದ್ದೀಯ! ಆ ತೊಟ್ಟೀನ ಇಲ್ಲೇ ಇಕ್ಕಿದ್ರೆ ಏನಾಗ್ತಿತ್ಲಾ?"