ದೊಡ್ಡವ್ವ ಬಂದೂಕು ಆರಿಸಿದ್ದು

ನಮ್ಮ ದೊಡ್ಡವ್ವ ಯಾರ ಮನೆಗೆ ಹೋದರೂ ಮೊದಲು ನೋಡುವುದು ದೇವರ ಜಗಲಿಯನ್ನಲ್ಲ, ಅಡುಗೆಮನೆಯನ್ನೂ ಅಲ್ಲ. ಈ ಮನೆಗೆ ಕಳ್ಳ ಎಲ್ಲಿಂದ ಬರುತ್ತಾನೆ ಎಂಬುದನ್ನು! ಒಳಗಿನಿಂದ ಚಹಾ ಬರುವಷ್ಟರಲ್ಲಿ ಹಿತ್ತಲ ಬಾಗಿಲ ಅಗುಳಿ ಅಲ್ಲಾಡಿಸಿ, ಕಿಟಕಿಯ ಸರಳು ಹಿಡಿದೆಳೆದು, ತಾರಸಿಯ ಮೆಟ್ಟಿಲು ಹತ್ತಿಳಿದು ಬಂದು ಕೂತು, "ನಿಮ್ಮ ಮನಿಗೆ ಬಚ್ಚಲ ಕಡೆಯಿಂದ ಬರ್ತಾನ ನೋಡ್ರಿ" ಎಂದು ಮನೆಯೊಡತಿಗೆ ಹೇಳುತ್ತಾಳೆ. ಬೀಗರು ಬರುವ ಸುದ್ದಿಯನ್ನು ಹೇಳಿದಷ್ಟು ಸಹಜವಾಗಿ! ಆಮೇಲೆ ಆ ಮನೆಯವರು ಬಚ್ಚಲಿಗೆ ಹೇಗೆ ಹೋಗುತ್ತಾರೋ ದೇವರೇ ಬಲ್ಲ.

ನೋಡಿದರೆ ಇವಳಾ ಅನ್ನಬೇಕು. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದ, ಗುಬ್ಬಿಯಂಥ ಹೆಂಗಸು. ನಮ್ಮವ್ವನ ಅಕ್ಕ. ದೊಡ್ಡಪ್ಪನಿಗೆ ಬೆಳಗಾವಿಯಲ್ಲಿ ಬಂದೂಕಿನ ಅಂಗಡಿ ಇತ್ತು. ಅವನು ತೀರಿಕೊಂಡ ಮೇಲೆ ಹೆಂಗಸು ಇದನ್ನೇನು ನಡೆಸುತ್ತಾಳೆ, ಬೀಗ ಹಾಕಿ ಸಂಡಿಗೆ ಹಪ್ಪಳ ಮಾಡಿಕೊಂಡಿರಲಿ ಎಂದು ಬಳಗವೆಲ್ಲ ತೀರ್ಮಾನಿಸಿತು. ದೊಡ್ಡವ್ವ ಸಂಡಿಗೆಯನ್ನೂ ಮಾಡಿದಳು, ಅಂಗಡಿಯನ್ನೂ ತೆಗೆದಳು. ತೆಗೆದು ನಡೆಸಿದ್ದಾದರೂ ಹೇಗೆ? ಬಂದವರಿಗೆ ಬಂದೂಕು ಬೇಡ ಎಂದು ಹೇಳಿ!

ಒಮ್ಮೆ ಗಾಡಿಯ ಕಡಾಣಿಯಂಥ ಮೀಸೆಯ ಗೌಡರೊಬ್ಬರು ಬಂದು, ಅಂಗಡಿಯಲ್ಲಿರುವುದರಲ್ಲೇ ಅತಿ ದೊಡ್ಡ ಬಂದೂಕು ತೆಗೆಯಬೇಕೆಂದರಂತೆ. ದೊಡ್ಡವ್ವ ಡಾಕ್ಟರರ ಹಾಗೆ ಶುರುಮಾಡಿದಳು. "ಮನಿ ಗ್ವಾಡಿ ಮಣ್ಣಿಂದೋ ಇಟ್ಟಂಗಿದೋ? ಮನ್ಯಾಗ ಸಣ್ಣ ಹುಡುಗೂರು ಅದಾವೇನು? ಸಂಜಿಕೆ ತುಸು ತಗೋತೀರೇನು? ಹೆಂಡ್ತಿ ಕೂಡ ಜಗಳ ಆದ್ರ ಮೊದಲ ಕೈಗೆ ಏನ್ ತಗೋತೀರಿ?" ಗೌಡರು ಕೊನೆಯ ಪ್ರಶ್ನೆಗೆ ಬೆವತರು. "ನಿಮಗ ಬಂದೂಕು ಬ್ಯಾಡ್ರಿ. ಒಂದು ಮುಧೋಳ ನಾಯಿ ಸಾಕ್ರಿ" ಎಂದು ಕಳಿಸಿಯೇಬಿಟ್ಟಳು. ಗೌಡರು ನಾಯಿ ಸಾಕಿದರು. ಅದಕ್ಕೆ ದೊಡ್ಡವ್ವನ ಹೆಸರನ್ನೇ ಇಟ್ಟರು! ಗೌರವದಿಂದಲೋ ಸಿಟ್ಟಿನಿಂದಲೋ ನಮಗೆ ಇನ್ನೂ ಗೊತ್ತಾಗಿಲ್ಲ.

ಇಂಥ ದೊಡ್ಡವ್ವ ನೆದರ್‌ಲ್ಯಾಂಡ್ಸಿನ ನಮ್ಮ ಮನೆಗೆ ಬಂದಳು. ಅವಳಿಗೆ ಮಕ್ಕಳಿಲ್ಲ, ನಾವೇ ಮಕ್ಕಳು. ಟ್ಯೂಲಿಪ್ ನೋಡಿಕೊಂಡು ಹೋಗಲೆಂದು ಕರೆಸಿಕೊಂಡೆವು. ಅವಳು ಬಂದು ಸೂಟ್‌ಕೇಸ್ ಬಿಚ್ಚುವುದಕ್ಕೂ ಜಗತ್ತಿಗೆಲ್ಲ ಕೊರೋನಾ ಬಡಿಯುವುದಕ್ಕೂ ಸರಿಹೋಯಿತು. ನಾವಿರುವ ಬಾಡ್‌ಹೂವೆಡಾರ್ಪ್ ವಿಮಾನ ನಿಲ್ದಾಣದ ಮಗ್ಗುಲ ಊರು. ದಿನವಿಡೀ ತಲೆ ಮೇಲೆ ಗುಡುಗುತ್ತಿದ್ದ ವಿಮಾನಗಳೆಲ್ಲ ಒಮ್ಮೆಲೇ ನಿಂತು, ಆಕಾಶವೇ ಮೂಕವಾದಂತಾಯಿತು. ದೊಡ್ಡವ್ವ ಇಲ್ಲೇ ಸಿಕ್ಕಿಕೊಂಡಳು.

ಸಿಕ್ಕಿಕೊಂಡವಳು ಸುಮ್ಮನೆ ಕೂರುತ್ತಾಳೆಯೇ? ಮನೆಯ ತಪಾಸಣೆ ನಡೆಯಿತು. ಇಲ್ಲಿನ ಮನೆಗಳೋ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಬೀದಿಗೆ ಗೋಡೆಯಗಲದ ಗಾಜು. ಗ್ರಿಲ್ ಇಲ್ಲ, ಕಾಂಪೌಂಡ್ ಇಲ್ಲ, ಪರದೆಯನ್ನು ಕೂಡ ಎಳೆಯುವ ಪದ್ಧತಿಯಿಲ್ಲ! ದೊಡ್ಡವ್ವ ಬೀದಿಯಲ್ಲಿ ನಿಂತು ನಮ್ಮ ಹಾಲ್ ನೋಡಿದಳು. ಸೋಫಾದ ಮೇಲೆ ನನ್ನ ಗಂಡ ಬಾಯಿ ತೆರೆದು ನಿದ್ದೆ ಮಾಡುವುದು ನಿಚ್ಚಳವಾಗಿ ಕಾಣುತ್ತಿತ್ತು.

"ಇದು ಮನಿ ಅಲ್ಲವಾ, ಸೀರಿ ಅಂಗಡಿ ಶೋಕೇಸು! ಅಳಿಯಂದ್ರನ್ನ ಮಾರಾಕ ಇಟ್ಟಂಗ ಕಾಣತೈತಿ" ಎಂದಳು.

ಅದೇ ವಾರ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಹಿಂದಿನ ಬೀದಿಯ ಮನೆಯೊಂದಕ್ಕೆ ಹಾಡುಹಗಲೇ ಕಳ್ಳರು ನುಗ್ಗಿದ್ದರು. ದೊಡ್ಡವ್ವ ಊಟದ ಮೇಜಿಗೆ ಬಂದು ನನ್ನ ಗಂಡನ ಎದುರು ಕೂತಳು. "ಅಳಿಯಂದ್ರ, ಈ ಮನಿಗೊಂದು ಬಂದೂಕು ಬೇಕ್ರಿ."

ಮೈಸೂರಿನ ನನ್ನ ಗಂಡ ಹಲ್ಲಿಯನ್ನು ಓಡಿಸುವಾಗಲೂ 'ಎಕ್ಸ್‌ಕ್ಯೂಸ್ ಮೀ' ಅನ್ನುವ ಪ್ರಾಣಿ. ಅವನ ಗಂಟಲಲ್ಲಿ ಚಪಾತಿ ನಿಂತಿತು. "ದೊಡ್ಡಮ್ಮ, ಇಲ್ಲಿ ಮನೆ ಕಾಯೋಕೆ ಅಂತೆಲ್ಲ ಗನ್ ಇಟ್ಕೊಳ್ಳೋ ಹಾಗಿಲ್ಲ. ಲೈಸೆನ್ಸೇ ಕೊಡಲ್ಲ. ಶೂಟಿಂಗ್ ಕ್ಲಬ್ಬಿನವರಿಗೆ, ಬೇಟೆಯವರಿಗೆ ಮಾತ್ರ."

"ಹೌದೇನ್ರಿ? ಚಲೋ ಕಾಯ್ದೆ" ಎಂದು ದೊಡ್ಡವ್ವ ಮೆಚ್ಚಿದಳು. ಗಂಡ ನಿಟ್ಟುಸಿರು ಬಿಡುವಷ್ಟರಲ್ಲಿ ಅವಳೇ ಮುಂದುವರಿಸಿದಳು. "ಲೈಸೆನ್ಸ್ ಮಾತು ಬ್ಯಾರೆ, ಆರಿಸೋ ಮಾತು ಬ್ಯಾರೆ. ಕನ್ಯಾ ಸಿಗಂಗಿಲ್ಲಂತ ಜಾತಕ ನೋಡೋದು ಬಿಡ್ತಾರೇನು?"

ಹೀಗೆ, ಎಂದೂ ಕೊಳ್ಳಲಾಗದ ಬಂದೂಕಿಗೆ ನಮ್ಮ ಮನೆಯಲ್ಲಿ ಜಾತಕ ನೋಡುವ ಕೆಲಸ ಶುರುವಾಯಿತು. ನಾನು ಮಹಡಿಯ ಮೇಲಿನ ಕೋಣೆಯಲ್ಲಿ ಆಫೀಸಿನ ಮೀಟಿಂಗುಗಳಲ್ಲಿ ತೂಕಡಿಸುವಾಗ ಕೆಳಗೆ ದೊಡ್ಡವ್ವ ಲಟ್ಟಣಿಗೆ ಹಿಡಿದು ಬಾಗಿಲಿಂದ ಸೋಫಾಕ್ಕೆ, ಸೋಫಾದಿಂದ ಮೆಟ್ಟಿಲಿಗೆ ಅಳತೆ ಹಾಕುತ್ತಿದ್ದಳು. ಊಟದ ಹೊತ್ತಿಗೆ ವರದಿ. ರೈಫಲ್ ಬೇಡವೇ ಬೇಡ: "ಅದರ ಗುಂಡು ಸಾಲುಮನಿ ಎಲ್ಲಾ ದಾಟಿ ಕಾಲುವ್ಯಾಗಿನ ಬಾತುಕೋಳಿಗೆ ಬಡಿತೈತಿ." ಪಿಸ್ತೂಲೂ ಬೇಡ: "ಅದು ಸಿನಿಮಾದೋರಿಗೆ. ನಿದ್ದಿಗಣ್ಣಾಗ ಎದ್ದೋರ ಕೈ ನಡಗತೈತಿ. ಸಣ್ಣ ನಳಿಗೆ ತುಸು ನಡಗಿದ್ರ ಗುಂಡು ಮಾರು ದೂರ ಸರೀತೈತಿ." ಹಾಗಾದರೆ ಜೋಡುನಳಿಗೆಯ ಬಂದೂಕು? ಅದಕ್ಕೆ ಪರೀಕ್ಷೆ ಬೇಕು ಎಂದು ನಮ್ಮ ದೊಡ್ಡ ಛತ್ರಿಯನ್ನು ಹೆಗಲಿಗೇರಿಸಿ ಮೆಟ್ಟಿಲು ಇಳಿಯತೊಡಗಿದಳು. ಇಲ್ಲಿನ ಮೆಟ್ಟಿಲುಗಳೋ, ಏಣಿಗೆ ತುಸು ಬುದ್ಧಿ ಹೇಳಿ ನಿಲ್ಲಿಸಿದಂಥವು. ತಿರುವಿನಲ್ಲಿ ಛತ್ರಿ ಅಡ್ಡ ಸಿಕ್ಕಿತು. ಛತ್ರಿಯ ಹಿಂದೆ ದೊಡ್ಡವ್ವ ಸಿಕ್ಕಿಕೊಂಡಳು. ಬಿಡಿಸಹೋದ ನನ್ನ ಗಂಡನೂ ಸಿಕ್ಕಿಕೊಂಡ!

"ಉದ್ದ ನಳಿಗೆ ಈ ಮನಿಗೆ ಆಗಂಗಿಲ್ಲ, ಬರಕೋರಿ" ಎಂದು ಸಿಕ್ಕಿಕೊಂಡಲ್ಲಿಂದಲೇ ತೀರ್ಪು ಬಂತು.

ಬೇಸಿಗೆಯಲ್ಲಿ ನಿರ್ಬಂಧ ಸಡಿಲಾದಾಗ ಗಂಡನ ಸಹೋದ್ಯೋಗಿಯೊಬ್ಬ ತಾನು ಸದಸ್ಯನಾಗಿದ್ದ ಶೂಟಿಂಗ್ ಕ್ಲಬ್ಬಿಗೆ ನಮ್ಮನ್ನು ಅತಿಥಿಗಳಾಗಿ ಕರೆದೊಯ್ದ. ಅಲ್ಲಿನ ತರಬೇತುದಾರ ಗಡ್ಡದ ಭೀಮ. ಸೀರೆಯುಟ್ಟ ಗುಬ್ಬಿಯನ್ನು ನೋಡಿ, ಬಂದೂಕು ಒದೆಯುತ್ತದೆ, ಅಜ್ಜಿ ಕೂತು ನೋಡಲಿ ಎಂದ. ನಾನು ಹಾಗೇ ಕನ್ನಡಕ್ಕೆ ತಂದೆ. ದೊಡ್ಡವ್ವ ಅವನತ್ತ ಕೈ ಚಾಚಿದಳು. ಅವನು ಅನುಮಾನಿಸುತ್ತಲೇ ಕೊಟ್ಟ ಬಂದೂಕನ್ನು ತೆಗೆದುಕೊಂಡು ನಡುವಿನಲ್ಲಿ ಮಡಚಿ ತೆರೆದು, ನಳಿಗೆಗಳ ಮೂಲಕ ಆಕಾಶ ನೋಡಿ, ಬೆರಳು ಹಾಕಿ ಖಾಲಿಯೆಂದು ಖಾತ್ರಿ ಮಾಡಿಕೊಂಡು, ಅದರ ಬಾಯಿಯನ್ನು ನೆಲಕ್ಕೆ ತಿರುಗಿಸಿ ಹಿಡಿದಳು. ಅಷ್ಟಕ್ಕೇ ಭೀಮನ ಮುಖ ಬದಲಾಯಿತು. ಸೆರಗಿನ ಮೇಲೆ ಕಿವಿಗವಚ ಏರಿಸಿ, ನೆರಿಗೆ ಎತ್ತಿ ಸಿಕ್ಕಿಸಿ, ಕಾಲು ಅಗಲಿಸಿ ನಿಂತಳು. ಗುರಿಗಾಗಿ ಎಸೆಯುವ ಜೇಡಿಮಣ್ಣಿನ ಬಿಲ್ಲೆಗಳು ಆಕಾಶಕ್ಕೆ ಹಾರಿದವು. ಹಾರಿದ್ದು ಹಾರಿದಲ್ಲೇ ಪುಡಿ! ಮತ್ತೊಂದು, ಮತ್ತೂ ಒಂದು. ಅಕ್ಕಪಕ್ಕದವರು ತಮ್ಮ ಗುಂಡು ಹಾರಿಸುವುದನ್ನು ಮರೆತು ನಿಂತರು. ಹುಟ್ಟಿದಾಗಿನಿಂದ ನೋಡಿದ ಹೆಂಗಸು ಇವಳೇನಾ?

ಭೀಮ ಓಡಿಹೋಗಿ ಸದಸ್ಯತ್ವದ ಅರ್ಜಿ ತಂದ. ಒಂದು ವರ್ಷ ಸದಸ್ಯೆಯಾಗಿದ್ದರೆ ಲೈಸೆನ್ಸಿಗೆ ಕೇಳಬಹುದಂತೆ, ಅದೂ ಆಟಕ್ಕೆ ಮಾತ್ರ. ದೊಡ್ಡವ್ವ ನಕ್ಕಳು. "ಒಂದು ವರ್ಷ? ಅಷ್ಟರಾಗ ಕಳ್ಳಂಗ ಮದುವಿ ಆಗಿ ಬುದ್ಧಿ ಬಂದಿರತೈತಿ, ಬ್ಯಾಡಂತ ಹೇಳವಾ."

ಇಷ್ಟಾದರೂ ಜಾತಕ ಮುಗಿದಿರಲಿಲ್ಲ. ಜೋಡುನಳಿಗೆಯೇ, ಆದರೆ ಗಿಡ್ಡ ನಳಿಗೆಯದು ಎಂದು ಬಂದೂಕು ಗೊತ್ತಾಯಿತು, ಇನ್ನು ಅದಕ್ಕೆ ಕಾಡತೂಸು ಯಾವುದು? "ಬಂದೂಕು ಆರಿಸೋದು ಯಾರಾರೆ ಆರಿಸ್ತಾರ. ಕಾಡತೂಸು ಆರಿಸೋವಾಗ ಮನುಷ್ಯಾನ ಬುದ್ಧಿ ಗೊತ್ತಾಗತೈತಿ" ಎಂದು ದೊಡ್ಡವ್ವ ನಡುಗೋಡೆಗೆ ಗೆಣ್ಣಿನಿಂದ ಬಡಿದಳು. ಗೋಡೆ ಟೊಳ್ಳು ಸದ್ದು ಮಾಡಿತು. "ಕಾಡತೂಸಿನಾಗಿನ ಚರೆಗುಂಡು ದಪ್ಪ ಇದ್ರ ಕಳ್ಳನ್ನ ಬಿಟ್ಟು ಈ ಗ್ವಾಡಿ ತೂರಿ ಹೋಗತೈತಿ. ಆಚಿ ಕಡೆ ಯಾರ ಅದಾರ?"

ಆಚೆ ಕಡೆ ಇದ್ದವರು ಎಂಬತ್ತರ ಆಸುಪಾಸಿನ ಒಬ್ಬ ಮುದುಕರು. ನಾವು ಅವರನ್ನು 'ಮೆನೇರ್' ಅನ್ನುತ್ತಿದ್ದೆವು. ಡಚ್ಚಿನಲ್ಲಿ ಯಜಮಾನರೇ ಎಂದಷ್ಟೇ ಅರ್ಥ. ದೊಡ್ಡವ್ವ ಅದನ್ನೇ ಹೆಸರೆಂದು ತಿಳಿದು 'ಮನೇರಪ್ಪ' ಮಾಡಿದಳು. ಬೈಲಹೊಂಗಲದ ಕಡೆಯ ಯಾರೋ ದೂರದ ನೆಂಟನಿದ್ದ ಹಾಗೆ!

ಮರುದಿನ ಹಿತ್ತಲ ಬೇಲಿಯ ಆಚೆ ಮನೇರಪ್ಪ, ಈಚೆ ದೊಡ್ಡವ್ವ, ಕೊರೋನಾ ನಿಯಮದ ಒಂದೂವರೆ ಮೀಟರ್ ಅಂತರದಲ್ಲಿ ನಡುವೆ ದುಭಾಷಿ ನಾನು.

"ಕೇಳವಾ, ಎಲ್ಲೆ ಮಲಗ್ತಾನ?"

ಪಕ್ಕದ ಮನೆಯ ಗಂಡಸನ್ನು ಹಾಗೆ ಕೇಳಲಾಗುತ್ತದೆಯೇ! ನಮ್ಮ ಮನೆಯ ಗದ್ದಲದಿಂದ ನಿಮ್ಮ ನಿದ್ದೆಗೆ ತೊಂದರೆಯೇ ಎಂದು ತಿರುಗಿಸಿ ಕೇಳಿದೆ. ಇಲ್ಲವೇ ಇಲ್ಲ ಎಂದರು ಅವರು. ಹೆಂಡತಿ ತೀರಿಕೊಂಡ ಮೇಲೆ ಮೆಟ್ಟಿಲು ಹತ್ತಲಾಗದೆ ಮಂಚವನ್ನು ಕೆಳಗೆ ತರಿಸಿ ನಮ್ಮ ಗೋಡೆಗೇ ಹಾಕಿಸಿದ್ದಾರಂತೆ. ಬೆಳಿಗ್ಗೆ ನಮ್ಮ ಕಡೆಯಿಂದ ಕುಟ್ಟುವ ಸದ್ದು ಬರುತ್ತದಲ್ಲ, ಅದು ಕೇಳಿದರೆ ಏಳುತ್ತಾರಂತೆ. ಅದು ದೊಡ್ಡವ್ವ ಶೇಂಗಾ ಚಟ್ನಿ ಕುಟ್ಟುವ ಸದ್ದು.

"ಗ್ವಾಡಿಗೆ ಹಚ್ಚಿ ಮಲಗ್ತಾನೇನು? ಹಂಗಾರ ದಪ್ಪ ಚರೆ ಬ್ಯಾಡ" ಎಂದಳು.

ಆಮೇಲೆ ದಿನವೂ ಬೇಲಿಯ ಬಳಿ ಹೊಸ ವಿಚಾರಣೆ. ಅವರು ಕೂರುವ ಕುರ್ಚಿ ಎಲ್ಲಿ, ರೇಡಿಯೋ ಎಲ್ಲಿ. ಕುರ್ಚಿಯೂ ಅದೇ ಗೋಡೆಗೆ ಎಂದು ಗೊತ್ತಾದಾಗ ನಡುಗಾತ್ರದ ಚರೆ ಹೋಯಿತು. ರೇಡಿಯೋದ ಪಕ್ಕ ಹೆಂಡತಿಯ ಫೋಟೋ ಇದೆ ಎಂದು ಗೊತ್ತಾದಾಗ ಹಕ್ಕಿ ಹೊಡೆಯುವ ಸಾಸಿವೆಯಂಥ ಚರೆಯೂ ಹೋಯಿತು. ವಿಚಾರಣೆಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದುಂಟೆ? ಒಂದು ದಿನ ಚಟ್ನಿ, ಒಂದು ದಿನ ಜೋಳದ ರೊಟ್ಟಿ ಬೇಲಿ ದಾಟಿದವು. ಮನೇರಪ್ಪ ರೊಟ್ಟಿಗೆ ಚೀಸ್ ಇಟ್ಟುಕೊಂಡು ತಿಂದರಂತೆ. ದೊಡ್ಡವ್ವ ಅದನ್ನು ಮಾತ್ರ ಬಹಳ ದಿನ ಕ್ಷಮಿಸಲಿಲ್ಲ.

ಕೊನೆಗೊಂದು ದಿನ ಗಂಡನನ್ನು ಕರೆದು ಕೂರಿಸಿಕೊಂಡು ಅಂತಿಮ ತೀರ್ಪು ಕೊಟ್ಟಳು. "ಅಳಿಯಂದ್ರ, ಎಲ್ಲಾ ನೋಡಿದೆ. ಈ ಮನಿಗೆ ಒಗ್ಗೋ ಗುಂಡು ಇನ್ನೂ ಯಾರೂ ಮಾಡಿಲ್ರಿ. ಬಂದೂಕು ಬ್ಯಾಡ." ತಿಂಗಳುಗಟ್ಟಲೆ ಇದನ್ನೇ ಹೇಳುತ್ತಿದ್ದ ನನ್ನ ಗಂಡ, ತನಗೆ ಹೊಸ ಜ್ಞಾನ ಬಂದವನಂತೆ ತಲೆಯಾಡಿಸಿದ.

ಕಳ್ಳ ಬಂದದ್ದು ಅದಾದ ಮೇಲೆ. ನಮ್ಮ ಮನೆಗಲ್ಲ, ಮನೇರಪ್ಪನವರ ಮನೆಗೆ.

ಒಳ್ಳೆಯ ಬಿಸಿಲಿದ್ದ ಮಧ್ಯಾಹ್ನ. ಗಂಡ ರಾಟರ್‌ಡ್ಯಾಮ್ ಬಂದರಿನ ಕೆಲಸಕ್ಕೆ ಹೋಗಿದ್ದ. ನಾನು ಮೇಲೆ ಮೀಟಿಂಗಿನಲ್ಲಿದ್ದೆ. ಕೆಳಗೆ ಮುಂಬಾಗಿಲು ಧಡ್ಡೆಂದಿತು. ಕಿಟಕಿಯಿಂದ ಬಗ್ಗಿ ನೋಡಿದರೆ ದೊಡ್ಡವ್ವ ಬರಿಗಾಲಲ್ಲಿ ಪಕ್ಕದ ಮನೆಯತ್ತ ನಡೆಯುತ್ತಿದ್ದಳು. ಕೂಗಿದರೂ ತಿರುಗಲಿಲ್ಲ. ಬಿದ್ದೆನೋ ಎದ್ದೆನೋ ಎಂದು ಇಳಿದು ಓಡಿದೆ.

ಗೋಡೆಯಾಚೆ ಡ್ರಾಯರು ಎಳೆದಾಡುವ ಸದ್ದು ಅವಳಿಗೆ ಕೇಳಿಸಿತ್ತಂತೆ. ಮನೇರಪ್ಪನವರ ಬಾಗಿಲು ಹಾರು ಹೊಡೆದಿತ್ತು. ಒಳಗೆ ಹೊಳೆಯುವ ಜಾಕೆಟ್ಟು, ಕೈಗವಸು, ಮಾಸ್ಕು ಹಾಕಿದ್ದ ಆಳೆತ್ತರದ ಗಂಡಸು. ಮುನಿಸಿಪಾಲಿಟಿಯಿಂದ ಕೊರೋನಾ ತಪಾಸಣೆಗೆ ಬಂದೆ ಎಂದು ಹೇಳಿ ಒಳಬಂದಿದ್ದನಂತೆ. ಡ್ರಾಯರುಗಳೆಲ್ಲ ತೆರೆದಿದ್ದವು, ರೇಡಿಯೋದ ಪಕ್ಕದ ಫೋಟೋ ಮಾಯವಾಗಿತ್ತು. ಅವನ ಹೆಗಲಲ್ಲಿ ತುಂಬಿದ ಚೀಲ. ಮನೇರಪ್ಪ ಕುರ್ಚಿಯಲ್ಲಿ ಮುದುಡಿ ಕೂತಿದ್ದರು. ಬಾಗಿಲಿಗೆ ಅಡ್ಡವಾಗಿ ಅವನ ಎದೆಮಟ್ಟಕ್ಕೂ ಬಾರದ ನಮ್ಮ ದೊಡ್ಡವ್ವ!

"ಏ ತಮ್ಮಾ, ಚೀಲಾ ಕೆಳಗ ಇಡು."

ಅವನು ಡಚ್ಚಿನಲ್ಲಿ ಏನೋ ಅಬ್ಬರಿಸಿದ. ದೊಡ್ಡವ್ವ ದನಿ ಏರಿಸಲಿಲ್ಲ, ಒಂದು ಹೆಜ್ಜೆ ಮುಂದಿಟ್ಟಳು. "ಇಡು ಅಂದೆ. ಮುದುಕನ ಹೆಂಡ್ತಿ ಫೋಟೋ ಅದರಾಗ ಐತಿ." ಅವನು ಒಂದೇ ಏಟಿಗೆ ಇವಳನ್ನು ಎತ್ತಿ ಬೀದಿಗೆ ಎಸೆಯಬಲ್ಲ ಎಂದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು. ದೊಡ್ಡವ್ವನಿಗೆ ಮಾತ್ರ ಯಾರೂ ಹೇಳಿದ ಹಾಗಿರಲಿಲ್ಲ! ಒಂದು ಕನ್ನಡ ಪದ ತಿಳಿಯದ ಆ ಮನುಷ್ಯ ಚೀಲ ಕೆಳಗಿಟ್ಟ. ಇಟ್ಟು, ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟ ಮೇಲೆ, ತಲೆ ತಗ್ಗಿಸಿಕೊಂಡು ಹೊರಗೆ ಓಡಿದ.

ಪೊಲೀಸರು ಬಂದರು. ಆಕೆಯ ಕೈಯಲ್ಲಿ ಆಯುಧವೇನಾದರೂ ಇತ್ತೇ ಎಂದು ನನ್ನನ್ನು ಪ್ರತ್ಯೇಕವಾಗಿ ಕೇಳಿದರು. ಇಲ್ಲ, ಬರಿಗೈ ಎಂದೆ. ನಂಬಲಿಲ್ಲ ಅನ್ನಿಸಿತು. ನನಗೂ ನಂಬಿಕೆ ಬಂದಿರಲಿಲ್ಲ.

"ಅಂಜಿಕಿ ಆಗಲಿಲ್ಲೇನ ದೊಡ್ಡವ್ವ?" ಎಂದೆ, ಅವರು ಹೋದ ಮೇಲೆ.

"ಆಗದ ಏನು? ಕಾಲಾಗಿನ ಶಕ್ತಿನ ಹೋಗಿತ್ತು. ಅದಕ್ಕ ಅಲ್ಲೇ ನಿಂತಿದ್ದೆ."

ಆಮೇಲೆ ಅವಳು ಮನೇರಪ್ಪನವರ ಕುರ್ಚಿಯ ಪಕ್ಕದ ಮಂಚದ ಅಂಚಿಗೆ ಹೋಗಿ ಕೂತಳು. ಅವರು ಚೀಲದಿಂದ ತೆಗೆದ ಫೋಟೋವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ದೊಡ್ಡವ್ವ ಕೈ ಚಾಚಿ ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ನಾನು ಗಾಬರಿಯಾಗಿ, "ದೊಡ್ಡವ್ವ, ಒಂದೂವರೆ ಮೀಟರ್..." ಎಂದೆ. "ಸುಮ್ನಿರು" ಎಂದಳು.

ಮನೇರಪ್ಪ ಆ ಕೈಗಳನ್ನೇ ನೋಡಿದರು. ಆಮೇಲೆ ಮೆಲ್ಲಗೆ ಏನೋ ಹೇಳಿದರು.

"ಏನಂತಾನ?"

"ಹೆಂಡ್ತಿ ಹೋದಮ್ಯಾಲೆ ತನ್ನ ಕೈ ಯಾರೂ ಹಿಡಿದಿಲ್ಲ ಅಂತಾರ."

ದೊಡ್ಡವ್ವ ಕೈ ಬಿಡಲಿಲ್ಲ. ನನ್ನ ಕಡೆ ತಿರುಗದೆಯೇ, ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ ಅಂದಳು:

"ನನ್ನ ಕೈನೂ ಯಾರೂ ಹಿಡಿದಿಲ್ಲವಾ. ನಿಮ್ಮ ದೊಡ್ಡಪ್ಪ ಹೋದಮ್ಯಾಲೆ ಎಲ್ಲಾರೂ ಬಂದು ಕಾಲು ಮುಟ್ಟತಾರ. ಕೈ ಯಾರ ಹಿಡೀತಾರ?"

ಇದನ್ನು ಡಚ್ಚಿಗೆ ತರಬೇಕೋ ಬೇಡವೋ ತಿಳಿಯದೆ ನಿಂತೆ. ಅವಳೂ ಹೇಳು ಅನ್ನಲಿಲ್ಲ, ಅವರೂ ಕೇಳಲಿಲ್ಲ. ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋದೆ. ಗೊತ್ತಿಲ್ಲದ ಮನೆ, ಸಕ್ಕರೆ ಎಲ್ಲಿದೆಯೋ ಸಿಗಲಿಲ್ಲ. ಕೇಳಬೇಕೆಂದು ಹೊಸ್ತಿಲವರೆಗೆ ಬಂದವಳು, ಆ ಕೈಗಳು ಇನ್ನೂ ಹಾಗೇ ಇದ್ದುದನ್ನು ನೋಡಿ ಹಿಂದಕ್ಕೆ ಹೋಗಿ, ಸಕ್ಕರೆಯಿಲ್ಲದ ಚಹಾವನ್ನೇ ಸಣ್ಣ ಉರಿಯಲ್ಲಿ ಕುದಿಯಲು ಬಿಟ್ಟೆ.