ಹೊಲಿಗೆ ಮಿಷನ್ನಿಗೂ ಒಂದು ಬ್ಯಾಗು

ಹೊಲಿಗೆ ಮಿಷನ್ ಇಟ್ಟುಕೊಂಡು ಮನೆಯಲ್ಲಿ ಕೂತವರಿಗೆ ಗಿರಾಕಿಗಳು ಸಿಗುತ್ತಾರೆ. ಮಿಷನ್ ಎತ್ತಿಕೊಂಡು ಬಸ್ಸು ಹತ್ತಿದವರಿಗೆ ಗಿರಾಕಿಗಳ ಜೊತೆ ಇಂಥ ಪ್ರಸಂಗಗಳೂ ಸಿಗುತ್ತವೆ. ನಾನಾಗಿ ಹುಡುಕಿಕೊಂಡು ಹೋದದ್ದಿಲ್ಲ. ಅವೇ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತವೆ.

ನಾನು ಓದಿದ್ದು ಹತ್ತನೇ ಕ್ಲಾಸು. ಮದುವೆಯಾಗಿ ಬಂದದ್ದು ಗೌನಿಪಲ್ಲಿಗೆ. ಬರುವಾಗ ತವರಿನವರು ಒಂದು ಸಣ್ಣ ಮೋಟಾರ್ ಮಿಷನ್ ಕೊಟ್ಟರು. ಸಣ್ಣದು ಅಂದರೆ ನೋಡುವುದಕ್ಕೆ ಸಣ್ಣದು, ಎತ್ತಿದವರಿಗೆ ಗೊತ್ತು. ಶ್ರೀನಿವಾಸಪುರದಲ್ಲಿ ಟೈಲರಿಂಗ್ ಕ್ಲಾಸಿಗೆ ಸೇರಿದಾಗ ಅವರವರ ಮಿಷನ್ ಅವರವರೇ ತರಬೇಕು ಅಂದರು. ಎಲ್ಲರೂ ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು. ನಾನು ಯಜಮಾನರ ಹಳೇ ಜೀನ್ಸ್ ಪ್ಯಾಂಟು ಕತ್ತರಿಸಿ, ನಡುವೆ ಕಂಬಳಿ ತುಂಡು ಇಟ್ಟು, ಮಿಷನ್ನಿನ ಅಳತೆಗೇ ಒಂದು ಬ್ಯಾಗು ಹೊಲಿದೆ. ಪೆಡಲ್‌ಗೆ ಬೇರೆ ಚೀಲ, ಬಾಬಿನ್‌ಗಳಿಗೆ ಜೇಬು, ಕತ್ತರಿಗೆ ಒಂದು ಒರೆ. ನೋಡಿದವರೆಲ್ಲ "ನನಗೂ ಒಂದು" ಅಂದರು. ಆ ಪ್ಯಾಂಟು ಹಳೇದಾಗಿರಲಿಲ್ಲ ಅಂತ ಯಜಮಾನರು ಈಗಲೂ ವಾದಿಸುತ್ತಾರೆ.

ಈಗ ಕೋಲಾರ, ಮಾಲೂರು, ಮುಳಬಾಗಿಲು, ಎಲ್ಲಿ ಟೈಲರಿಂಗ್ ಕ್ಲಾಸು ನಡೆಯುತ್ತದೋ ಅಲ್ಲಿಗೆ ನನ್ನ ಮಿಷನ್ ತೆಗೆದುಕೊಂಡು ಹೋಗಿ, ಅಲ್ಲಿ ಕಲಿಯುವವರ ಮಿಷನ್ನುಗಳ ಅಳತೆ ತೆಗೆದು, ಅಲ್ಲೇ ಕೂತು ಬ್ಯಾಗು ಹೊಲಿದುಕೊಟ್ಟು ಬರುತ್ತೇನೆ.

ಇದು ನಮ್ಮತ್ತೆಗೆ ಸರಿಬರುವುದಿಲ್ಲ. "ಮಿಷನ್ ಅಂದ್ರೆ ಮನೇಲಿ ಕಿಟಕಿ ಪಕ್ಕ ಇರ್ಬೇಕು ಕಣೇ, ಬಸ್ಸಲ್ಲಿ ಕಿಟಕಿ ಪಕ್ಕ ಅಲ್ಲ. ಹೋಳೂರಲ್ಲಿ ನನ್ನ ಮಗಳು ಬಾಯಿಬಿಟ್ಟು ಕೇಳ್ತಾವ್ಳೆ. ಮಿಷನ್ನಿಗೆ ಒಂದೇ ಒಂದ್ಸಲ ಏನಾದ್ರೂ ಆಗ್ಲಿ, ಅವತ್ತೇ ಅವಳಿಗೆ ಕೊಟ್‌ಬಿಡ್ತೀನಿ" ಅಂತ ಹೇಳಿಬಿಟ್ಟಿದ್ದರು. ವೇಮಗಲ್ ಕಡೆ ಫ್ಯಾಕ್ಟರಿಗೆ ಹೋಗುವ ಯಜಮಾನರನ್ನು ಕೇಳಿದರೆ "ನೋಡೋಣ" ಅಂದರು. ಅವರು ಎಲ್ಲದಕ್ಕೂ ನೋಡೋಣ ಅನ್ನುತ್ತಾರೆ. ನನ್ನನ್ನು ಹೆಣ್ಣು ನೋಡಲು ಬಂದು ಹೋದ ಮೇಲೂ ಹಾಗೇ ಅಂದಿದ್ದರಂತೆ.

ಹಾಗಾಗಿ ಬಸ್ಸು ಹತ್ತುವಾಗೆಲ್ಲ ನನಗೆ ಒಂದೇ ಯೋಚನೆ. ಮಿಷನ್ ಹೋದ ಹಾಗೇ ಮನೆಗೆ ಬರಬೇಕು. ಇಲ್ಲದಿದ್ದರೆ ಅದು ಹೋಳೂರಿಗೆ, ನಾನು ಒಲೆ ಮುಂದಕ್ಕೆ.

ಸ್ವಲ್ಪ ಹಿಡ್ಕೊಳ್ಳಿ

ನಮ್ಮ ಕಡೆ ಬಸ್ಸಿನಲ್ಲಿ ನಿಂತವರ ಸಾಮಾನು ಕೂತವರ ತೊಡೆ ಮೇಲಿರುತ್ತದೆ. ಯಾರು, ಏನು ಅಂತ ಯಾರೂ ಕೇಳುವುದಿಲ್ಲ. "ಸ್ವಲ್ಪ ಹಿಡ್ಕೊಳ್ಳಿ" ಅಂದರೆ ಮಗುವನ್ನೂ ಹಿಡಿದುಕೊಳ್ಳುತ್ತಾರೆ, ಕೋಳಿಯನ್ನೂ ಹಿಡಿದುಕೊಳ್ಳುತ್ತಾರೆ.

ಒಂದು ಸಲ ಕೋಲಾರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಳಗಿಟ್ಟರೆ ಯಾರಾದರೂ ತುಳಿಯುತ್ತಾರೆ. ಇಸ್ತ್ರಿ ಮಾಡಿದ ಬಿಳೀ ಪಂಚೆ ಉಟ್ಟು ಕೂತಿದ್ದ ಹಿರಿಯರೊಬ್ಬರಿಗೆ "ಸ್ವಲ್ಪ ಹಿಡ್ಕೊಳ್ಳಿ" ಅಂದೆ. "ಅದಕ್ಕೇನಮ್ಮ, ಕೊಡಿ" ಅಂದರು. ಕೊಟ್ಟೆ. ಅವರ ಮುಖದಲ್ಲಿದ್ದ ನಗು ನಿಧಾನಕ್ಕೆ ಇಳಿಯಿತು.

"ಏನಮ್ಮಾ ಇದು?"

"ಹೊಲಿಗೆ ಮಿಷನ್."

"ಪೂರ್ತೀನಾ?"

"ಪೆಡಲ್ ನನ್ನ ಹತ್ರ ಐತೆ. ಬೇಕಾದ್ರೆ ಅದನ್ನೂ ಕೊಡ್ತೀನಿ."

ಅವರು ಪಂಚೆ ಸರಿಮಾಡಿಕೊಂಡು ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೋಲಾರ ಬಂತು. ನಾನು ಬ್ಯಾಗು ತೆಗೆದುಕೊಂಡು ಇಳಿದೆ. ಅವರು ಏಳಲು ಹೋದರು, ಕಾಲು ಬರಲಿಲ್ಲ. ಎರಡೂ ಕಾಲು ಜೋಮು ಹಿಡಿದಿದ್ದವು. ಕಂಡಕ್ಟರ್ "ಬೇಗ ಇಳೀರಿ, ಬಸ್ಸು ತಿರುಗಿಸ್ಬೇಕು" ಅಂತ ಕೂಗಿದ. ಕೊನೆಗೆ ಅವನೂ ಡ್ರೈವರೂ ಸೇರಿ ಕೈ ಹಿಡಿದು ಇಳಿಸಿದರು.

ಈಗಲೂ ಆ ದಾರಿಯಲ್ಲಿ ಅವರು ಸಿಗುತ್ತಾರೆ. ನಾನು ಬಸ್ಸು ಹತ್ತಿದ ತಕ್ಷಣ ಎದ್ದು ನಿಂತು "ಕೂತ್ಕೊಳಮ್ಮಾ, ಕೂತ್ಕೋ" ಅನ್ನುತ್ತಾರೆ. ಬಸ್ಸಿನವರೆಲ್ಲ ಅವರನ್ನು ಹೆಂಗಸರಿಗೆ ಮರ್ಯಾದೆ ಕೊಡುವ ಮನುಷ್ಯ ಅಂದುಕೊಂಡಿದ್ದಾರೆ.

ಮುಂದಕ್ಕೆ ಬೇಕಾಗುತ್ತೆ

ಮುಳಬಾಗಿಲಿನ ಕ್ಲಾಸಿನಲ್ಲಿ ಒಬ್ಬಾಕೆ ಇದ್ದರು. ವರ್ಷಗಟ್ಟಲೆ ಬ್ಲೌಸ್ ಬಿಟ್ಟು ಬೇರೇನೂ ಹೊಲಿದವರಲ್ಲ. ಮಿಷನ್ ತರಲು ಆಗಲಿಲ್ಲ ಅಂತ ಅಳತೆ ಮಾತ್ರ ತೆಗೆದುಕೊಂಡು ಬಂದಿದ್ದರು. ನಾನು ಉದ್ದ, ಅಗಲ, ಎತ್ತರ ಹೇಳಿ ಅಂದೆ.

"ಹಂಗೆಲ್ಲ ನಂಗೊತ್ತಿಲ್ಲಮ್ಮ. ಎದೆ ಸುತ್ತಳತೆ ಹೇಳ್ತೀನಿ, ಸೊಂಟ ಹೇಳ್ತೀನಿ, ಬರ್ಕೋ."

"ಮಿಷನ್ನಿಗೆ ಸೊಂಟ ಎಲ್ಲಕ್ಕಾ?"

"ನಡುವೆ ಸಣ್ಣಕ್ಕಿರುತ್ತಲ್ಲ, ಅದೇ. ತೋಳು ಮಾತ್ರ ಒಂದೇ, ಚಕ್ರದ ಕಡೆ."

ಬರೆದುಕೊಂಡೆ. ಸುಳ್ಳು ಹೇಳಬಾರದು, ಅಳತೆ ಸರಿಯಾಗೇ ಇತ್ತು. ಬಟ್ಟೆ ಕತ್ತರಿಸಲು ಕೂತಾಗ ಮತ್ತೆ ಕರೆದರು. "ಕೊಂಚೆಂ ಲೂಜು ಪೆಟ್ಟಮ್ಮಾ, ಸ್ವಲ್ಪ ಸಡಿಲ ಇರ್ಲಿ. ಒಳಗೆ ಎರಡು ಹೊಲಿಗೆಗಾಗುವಷ್ಟು ಬಟ್ಟೆ ಬಿಡು. ಮುಂದಕ್ಕೆ ಬಿಚ್ಚಿ ದೊಡ್ಡದು ಮಾಡ್ಕೋಬೋದು."

"ಮಿಷನ್ ದಪ್ಪ ಆಗಲ್ಲಕ್ಕಾ."

ಆಕೆ ನನ್ನ ಹೆಗಲ ಮೇಲೆ ಕೈ ಇಟ್ಟರು. "ನಾನೂ ಮದುವೇಲಿ ಹಂಗೇ ಅಂದಿದ್ದೆ ಕಣಮ್ಮಾ."

ಬಟ್ಟೆ ಬಿಟ್ಟು ಹೊಲಿದೆ.

ಹಂಚಿಕೊಂಡು ತಿನ್ನುವುದು

ಒಂದು ದಿನ ಕೋಲಾರದ ಕ್ಲಾಸಿನಲ್ಲಿ ಮಿಷನ್ ಹಚ್ಚಿದರೆ ಗರ್ ಅಂತ ಸದ್ದು ಮಾಡಿ ನಿಂತುಬಿಟ್ಟಿತು. ನನ್ನ ಎದೆಯೂ ಹಾಗೇ ಮಾಡಿತು. ಅತ್ತೆ ದಿನಾ ಸಂಜೆ ಮಿಷನ್ನಿನ ಸುತ್ತ ಒಂದು ಸುತ್ತು ಹಾಕಿ ನೋಡುತ್ತಾರೆ, ಸಂತೆಯಲ್ಲಿ ಹಸು ನೋಡುವ ಹಾಗೆ. ಕೆಟ್ಟದ್ದನ್ನು ಮನೆಗೆ ಒಯ್ದರೆ ಬೆಳಿಗ್ಗೆ ಅದು ಹೋಳೂರಲ್ಲಿ ಇರುತ್ತದೆ.

ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿಯೊಂದಿದೆ. ಸಾಬರು ಕನ್ನಡಕ ಏರಿಸಿಕೊಂಡು ಕೆಳಗಿನ ಪ್ಲೇಟು ಬಿಚ್ಚಿದರು. ಒಳಗೆ ಬೆರಳು ಹಾಕಿದರು. ಮೂಸಿದರು.

"ಬೇಟಿ, ಮಿಷನ್ನಿಗೆ ನಾಷ್ಟಾ ಕೊಟ್ಟಿದ್ದು ಯಾರು?"

ಒಳಗೆ ಪೂರ್ತಿ ಬಿಸ್ಕತ್ತಿನ ಪುಡಿ. ಪಕ್ಕದಲ್ಲಿ ನಿಂತಿದ್ದ ನನ್ನ ಮಗಳ ಕಡೆ ನೋಡಿದೆ. ಅವಳಿಗೆ ಇನ್ನೂ ಅಂಗನವಾಡಿ ವಯಸ್ಸು. ನಾನು ಮಿಷನ್ನಿಗೆ ಎಣ್ಣೆ ಬಿಡುವುದನ್ನು ದಿನಾ ನೋಡಿ, ಬರೀ ಎಣ್ಣೆ ಕುಡಿದು ಪಾಪ ಹೇಗಿರುತ್ತದೆ ಅಂತ ಅವಳಿಗೆ ಅನ್ನಿಸಿದೆ.

ಸಾಬರು ಬ್ರಷ್ಷಿನಿಂದ ಕ್ಲೀನ್ ಮಾಡಿ ಕೊಟ್ಟರು. ಮಿಷನ್ ಹೂವಿನ ಹಾಗೆ ಓಡಿತು. ಬದುಕಿದೆ ಅಂತ ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ಇದ್ದರು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಎಲ್ಲವನ್ನೂ ಒದರಿದಳು, ಸಾಬರು ಮೂಸಿದ್ದು ಸಮೇತ.

ಅತ್ತೆ ಸೊಂಟಕ್ಕೆ ಕೈ ಕೊಟ್ಟುಕೊಂಡರು. "ನೋಡು ನೋಡು! ಮಗೂಗೆ ಬುದ್ಧಿ ಹೇಳಿಕೊಡೋಕೆ ಬರಲ್ಲ, ಊರು ಸುತ್ತೋಕೆ ಹೊರಟವ್ಳೆ. ಏಯ್ ಪುಟ್ಟಾ, ಮಿಷನ್ನಿಗೆ ಬಿಸ್ಕತ್ತು ಹಾಕು ಅಂತ ನಿಂಗ್ಯಾರೇ ಹೇಳಿದ್ದು?"

"ನೀನೇ ಅಜ್ಜಿ. ಒಬ್ಬಳೇ ತಿನ್ನಬಾರ್ದು, ಪಕ್ಕದಲ್ಲಿರೋರಿಗೂ ಕೊಡ್ಬೇಕು ಅಂದಿಲ್ವಾ?"

ಆ ಸಂಜೆ ಮಿಷನ್ ತಪಾಸಣೆ ಇರಲಿಲ್ಲ.

ಗಿಳಿಗಳಿದ್ದ ಲೈನಿಂಗ್

ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲೆಲ್ಲ ಒಂದು ರವಿಕೆ ಕಣ ಕೊಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ. ಬೀರುವಿನಲ್ಲಿಟ್ಟು ಮುಂದಿನವರಿಗೆ ಕೊಡುತ್ತಾರೆ. ಅವರು ಇನ್ನೊಬ್ಬರಿಗೆ. ನಮ್ಮ ಜಿಲ್ಲೆಯಲ್ಲಿ ನನಗಿಂತ ಹೆಚ್ಚು ಊರು ತಿರುಗಿರುವುದು ರವಿಕೆ ಕಣಗಳು ಮಾತ್ರ. ಶ್ರೀನಿವಾಸಪುರದ ಒಬ್ಬ ಗಿರಾಕಿ ಬೀರು ಖಾಲಿ ಮಾಡುವಾಗ ಅಂಥವನ್ನೆಲ್ಲ ಒಂದು ಕವರಿನಲ್ಲಿ ತುಂಬಿ ನನಗೆ ಕೊಟ್ಟರು. ನಾನು ಅವನ್ನೇ ಬ್ಯಾಗುಗಳ ಒಳಗೆ ಲೈನಿಂಗ್ ಮಾಡಿ ಹೊಲಿದೆ.

ಮಾಲೂರಿನಲ್ಲಿ ಅಕ್ಕಪಕ್ಕ ಕೂತಿದ್ದ ಇಬ್ಬರು ವಾರಗಿತ್ತಿಯರು ಒಂದೊಂದು ಬ್ಯಾಗು ತೆಗೆದುಕೊಂಡರು. ದೊಡ್ಡವರು ಜಿಪ್ ಎಳೆದರು. ಒಳಗೆ ಹಸಿರು ಬಟ್ಟೆ, ಕೆಂಪು ಕೊಕ್ಕಿನ ಗಿಳಿಗಳು. ಕೈ ಅಲ್ಲೇ ನಿಂತಿತು.

"ಇದು ನಮ್ಮ ಗೃಹಪ್ರವೇಶದಲ್ಲಿ ನಾನು ಕೊಟ್ಟಿದ್ದಲ್ವೇನೇ?"

ಚಿಕ್ಕವರು ಬಗ್ಗಿ ನೋಡಿದರು. "ಅದೇ ಥರ ಬೇರೆ ಇರುತ್ತಕ್ಕಾ."

"ಮೂಲೇಲಿ ನಾನೇ ಅರಿಶಿನ ಹಚ್ಚಿದ್ದು ಕಾಣ್ತಾ ಐತಲ್ಲೇ. ಹೊಲಿಸ್ಕೊಂಡೆ, ಭಾಳ ಚೆನ್ನಾಗೈತೆ ಅಂದಿದ್ದೆ ನೀನು!"

ಚಿಕ್ಕವರು ತಮ್ಮ ಬ್ಯಾಗಿನ ಜಿಪ್ ಎಳೆದರು. ಒಳಗೆ ನೇರಳೆ ಬಟ್ಟೆ, ಚಿನ್ನದ ಚುಕ್ಕಿ. ಅದನ್ನು ಸಾವಧಾನವಾಗಿ ನೋಡಿ, ದೊಡ್ಡವರ ಮುಂದೆ ತಿರುಗಿಸಿ ಇಟ್ಟರು.

"ಇದು ನನ್ನ ಸೀಮಂತದಲ್ಲಿ ನಾನು ನಿಂಗೆ ಕೊಟ್ಟಿದ್ದು. ಇದನ್ನ ಹಾಕ್ಕೊಂಡು ತಿರುಪತಿಗೆ ಹೋಗಿದ್ದೆ ಅಂದ್ಯಲ್ಲಕ್ಕಾ?"

ಇಬ್ಬರೂ ಜಿಪ್ ಮುಚ್ಚಿದರು. ಆಮೇಲೆ ಇಬ್ಬರೂ ಸೇರಿ ನನಗೆ ಬೈದರು. ಆವತ್ತಿನಿಂದ ನಾನು ಗಿರಾಕಿಗಳ ಹತ್ತಿರ ಮಿಷನ್ ಅಳತೆ ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು, ನೆಂಟರು ಯಾವ ಊರಲ್ಲಿದ್ದಾರೆ ಅಂತ.

ಹೋಳೂರಿಗೆ ಹೋಗಿಬಂದ ಬ್ಯಾಗು

ಹೊಸ ಬ್ಯಾಗಿನ ಹಿಡಿಕೆ ಭಾರ ತಡೆಯುತ್ತದೋ ಇಲ್ಲವೋ ನೋಡದೆ ನಾನು ಯಾರಿಗೂ ಕೊಡುವುದಿಲ್ಲ. ಅದಕ್ಕೆ ನನ್ನ ಹತ್ತಿರ ಒಂದು ರುಬ್ಬುವ ಗುಂಡು ಇದೆ. ಮನೆಗೆ ಮಿಕ್ಸಿ ಬಂದ ಮೇಲೆ ಹಿತ್ತಲಿನ ಒರಳಿನಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು, ಗುಂಡಿಗೆ ಮಾತ್ರ ಕೆಲಸವಿರಲಿಲ್ಲ. ತೂಕ ಹೆಚ್ಚುಕಡಿಮೆ ಮಿಷನ್ನಿನದೇ. ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿ ಜಿಪ್ ಎಳೆದು ಇಟ್ಟರೆ, ಮಿಷನ್ ಅಲ್ಲ ಅಂತ ಯಾರೂ ಹೇಳುವುದಿಲ್ಲ. ಈ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಾರೆಯೇ ಹೊರತು ಕೆಲಸ ನೋಡುವುದಿಲ್ಲ.

ಆ ದಿನ ಅತ್ತೆ ಡೈರಿಗೆ ಹಾಲು ಹಾಕಲು ಹೋಗಿದ್ದಾಗ ನಾನು ಮಿಷನ್ನನ್ನು ನನ್ನ ಹಳೇ ಬ್ಯಾಗಿನಲ್ಲಿಟ್ಟುಕೊಂಡು, ಮಗಳನ್ನೂ ಕರೆದುಕೊಂಡು ಮುಳಬಾಗಿಲಿಗೆ ಹೊರಟೆ. ಮಿಷನ್ ಇಡುವ ಜಾಗದಲ್ಲಿ ಗುಂಡು ತುಂಬಿದ ಹೊಸ ಬ್ಯಾಗು ಇತ್ತು.

ಮಿಷನ್ನಿಗೆ ಏನಾದರೂ ಆಗಲಿ ಅಂತ ಕಾದು ಕಾದು ಅತ್ತೆಗೆ ಸಾಕಾಗಿತ್ತು. ಬಂದು ನೋಡಿದರೆ ಬ್ಯಾಗು ಒಂಟಿಯಾಗಿ ಕೂತಿದೆ. ಸೊಸೆ ಇಲ್ಲ, ಮಗ ಫ್ಯಾಕ್ಟರಿಯಲ್ಲಿ. ಈಗಲೇ ಕೊಟ್ಟುಬಂದರೆ ಆಮೇಲೆ ವಾಪಸ್ ಕೇಳುವ ಧೈರ್ಯ ಯಾರಿಗಿದೆ? ಹೊಸ ಸೀರೆ ಉಟ್ಟು, ಬ್ಯಾಗು ಎತ್ತಿಕೊಂಡು ಬಸ್ಸು ಹತ್ತಿದರು.

ಬಸ್ಸಿನ ಕತೆ ಹೇಳಿದ್ದು ಅದೇ ಬಸ್ಸಿನಲ್ಲಿದ್ದ ನಮ್ಮ ಪಕ್ಕದ ಮನೆಯಾಕೆ. ಕಂಡಕ್ಟರ್ ಬ್ಯಾಗು ಕೆಳಗಿಡಿ ಅಂದನಂತೆ. "ಕೆಳಗಿಟ್ರೆ ಅದುರುತ್ತೆ, ಒಳಗೆ ಸೂಜಿ ಐತೆ" ಅಂತ ಅತ್ತೆ ತೊಡೆ ಮೇಲೇ ಇಟ್ಟುಕೊಂಡರಂತೆ. ಹಂಪ್ ಬಂದಾಗೆಲ್ಲ ಬ್ಯಾಗನ್ನು ತಬ್ಬಿಕೊಂಡು, ಡ್ರೈವರಿಗೆ "ಮೆಲ್ಲಗಾ ಪೋನೀಯಪ್ಪಾ, ಮೆಲ್ಲಗೆ ಬಿಡಪ್ಪಾ" ಅಂತ ಕೂಗುತ್ತಿದ್ದರಂತೆ. ನಮ್ಮತ್ತೆಗೆ ಮಂಡಿನೋವು. ಮನೆಯಲ್ಲಿ ಒಂದು ಕೊಡ ನೀರು ಎತ್ತುವುದಿಲ್ಲ.

ಮುಂದಿನದನ್ನು ಹೇಳಿದ್ದು ನನ್ನ ನಾದಿನಿಯೇ. ನಾನು ವಾಪಸ್ ಬರುವ ಬಸ್ಸಿನಲ್ಲಿದ್ದೆ, ಫೋನ್ ಬಂತು.

"ಅತ್ತಿಗೆ, ಕೊಡೋಕೆ ಇಷ್ಟ ಇಲ್ಲ ಅಂದ್ರೆ ಬಾಯಲ್ಲಿ ಹೇಳು. ನಾಲ್ಕು ಜನದ ಮುಂದೆ ಹಿಂಗಾ ಮಾಡೋದು?"

ನನಗೆ ತಲೆಬುಡ ತಿಳಿಯಲಿಲ್ಲ. ಏನಾಯ್ತು ಅಂದೆ. ಅವಳು ಅಳುತ್ತಾ ಹೇಳಿದಳು. ತಾಯಿ ಮಿಷನ್ ತಂದಿದ್ದಾರೆ ಅಂತ ಬೀದಿಯವರನ್ನೆಲ್ಲ ಕರೆದಿದ್ದಾಳೆ. ತವರಿನಿಂದ ಬಂದ ಸಾಮಾನು ಹಾಗೇ ಒಳಗೆ ಬರಬಾರದು ಅಂತ ಅವಳ ಅತ್ತೆ ಮಣೆ ಹಾಕಿ, ಬ್ಯಾಗನ್ನು ಅದರ ಮೇಲೆ ಕೂರಿಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಆರತಿ ಎತ್ತಿದ್ದಾರೆ. ಎದುರು ಮನೆಯವರು ಮೊದಲ ಬೋಣಿ ನಮ್ಮದೇ ಅಂತ ಬ್ಲೌಸ್ ಬಟ್ಟೆ ಹಿಡಿದುಕೊಂಡು ನಿಂತಿದ್ದಾರೆ. ನಮ್ಮತ್ತೆ ತಮ್ಮ ಕೈಯಾರೆ ಜಿಪ್ ಎಳೆದು, ಒಳಗೆ ಸುತ್ತಿದ್ದ ಹಳೇ ಸೀರೆ ಬಿಡಿಸಿದ್ದಾರೆ.

ಎಲ್ಲರೂ ಬಗ್ಗಿ ಗುಂಡು ನೋಡಿದರಂತೆ. ಬ್ಲೌಸ್ ಬಟ್ಟೆ ಹಿಡಿದವರು ಕೇಳಿದರಂತೆ, "ಇದಕ್ಕೆ ದಾರ ಎಲ್ಲಿ ಹಾಕ್ತಾರೆ?"

ನಾದಿನಿಯ ಅತ್ತೆ ಆರತಿ ತಟ್ಟೆ ಕೆಳಗಿಟ್ಟು ಅಂದರಂತೆ, "ಗುಂಡು ಬಂತು ಸರಿ ಬೀಗಿತ್ತಿ. ಒರಳು ಯಾವಾಗ ತರ್ತೀರಿ?"

"ನಿನ್ನ ಮಿಷನ್ ಸಹವಾಸವೇ ನಂಗೆ ಬೇಡ. ಇನ್ನೊಂದ್ಸಲ ಆ ಮಾತು ಎತ್ತಬೇಡ ಅಂತ ಅಮ್ಮಂಗೂ ಹೇಳಿ ಕಳಿಸಿದೀನಿ" ಅಂತ ನಾದಿನಿ ಫೋನ್ ಇಟ್ಟಳು. ನಾನು ತೊಡೆ ಮೇಲಿದ್ದ ಮಿಷನ್ನನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡೆ.

ಮನೆಗೆ ಬಂದೆ. ಅತ್ತೆ ನನಗಿಂತ ಮೊದಲೇ ಬಂದು, ಗೋಡೆಗೊರಗಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಹೊಸ ಬ್ಯಾಗು ಅದರ ಜಾಗದಲ್ಲೇ ಇತ್ತು. ಗುಂಡು ಒಳಗೇ ಇತ್ತು. ಹೋಗುತ್ತಾ ಬರುತ್ತಾ ಅಷ್ಟು ದೂರ ಕಲ್ಲು ಹೊತ್ತರೂ ಹಿಡಿಕೆಯ ಒಂದು ಹೊಲಿಗೆ ಬಿಟ್ಟಿರಲಿಲ್ಲ. ಜಿಪ್ಪಿನ ಮೇಲೆ ಕುಂಕುಮ, ಪಕ್ಕದಲ್ಲಿ ಬಾಡಿದ ಸೇವಂತಿಗೆ. ಕಾಫಿ ಮಾಡಿ ಕೊಟ್ಟೆ. ಮಗಳಿಗೆ ಬಾಳೆಹಣ್ಣು ಸುಲಿದು ಕೊಟ್ಟೆ, ಅವಳು ಅಜ್ಜಿ ಪಕ್ಕ ಹೋಗಿ ಕೂತಳು.

ಅತ್ತೆ ಅರ್ಧ ಲೋಟ ಕಾಫಿ ಮುಗಿಯುವವರೆಗೆ ತಡೆದುಕೊಂಡರು. ಅಷ್ಟೇ ಅವರ ಕೈಲಾಗಿದ್ದು.

"ಅಲ್ಲ ಕಣೇ, ಯಾರಾದ್ರೂ ಬ್ಯಾಗೊಳಗೆ ರುಬ್ಬೋ ಗುಂಡು ಇಟ್ಟು ಜಿಪ್ ಹಾಕ್ತಾರಾ?"

"ಒಳಗೆ ಗುಂಡು ಐತೆ ಅಂತ ನಿಮಗೆ ಹೆಂಗೆ ಗೊತ್ತಾಯ್ತತ್ತೆ?"

ಅತ್ತೆ ಕಾಫಿ ಲೋಟ ನೋಡಿದರು. ಬ್ಯಾಗು ನೋಡಿದರು. ಸೂರು ನೋಡಿದರು.

"ಮಗು ಅಳ್ತಾ ಐತೆ, ಹೋಗಿ ನೋಡು" ಅಂದರು.

ಮಗು ಅವರ ಪಕ್ಕದಲ್ಲೇ ಕೂತು ಬಾಳೆಹಣ್ಣು ತಿನ್ನುತ್ತಿತ್ತು.