ಆರಾಮ ಅನ್ನುವ ಅಜ್ಜಿ

ನಗಬಾರದ ಕಡೆಯೇ ನನಗೆ ನಗು ಬರುತ್ತದೆ. ರೋಗರುಜಿನಗಳನ್ನು ಓದಲು ಹೋದ ಮೇಲಂತೂ ಇಂಥ ಪ್ರಸಂಗಗಳು ನನ್ನ ಬೆನ್ನು ಬಿಡಲೇ ಇಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ನಾನು ವೈದ್ಯಕೀಯ ಮಾನವಶಾಸ್ತ್ರ ಓದುತ್ತಿದ್ದೆ. ಜನ ತಮ್ಮ ಕಾಯಿಲೆಯನ್ನು ಹೇಗೆ ತಿಳಿಯುತ್ತಾರೆ, ಯಾವಾಗ ಯಾರ ಹತ್ತಿರ ಹೋಗುತ್ತಾರೆ ಎಂದು ಕೇಳಿ ತಿಳಿಯುವ ವಿದ್ಯೆ. ಕೇಳುವುದಷ್ಟೇ. ವಾಸಿ ಮಾಡುವುದು ನಮ್ಮ ಪಾಲಿಗಿರಲಿಲ್ಲ.

೧. ಮೆಡಿಕಲ್

ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳುವ ತಾಳ್ಮೆ ಅಪ್ಪನಿಗಿರಲಿಲ್ಲ. "ಮಗಳು ಮೆಡಿಕಲ್ ಓದಾಕತ್ತಾಳ" ಎಂದುಬಿಟ್ಟಿದ್ದರು. ಪಕ್ಕದ ಮನೆಯ ಕಾಕಾ ಮೊಣಕಾಲು ಹಿಡಿದುಕೊಂಡು ಬಂದರು. ನಾನು ಡಾಕ್ಟರಲ್ಲ ಎಂದೆ.

"ಹಂಗಾರ ಮೆಡಿಕಲ್ ಅಂಗಡಿ ಇಡಾಕೇನು?"

"ಅಲ್ರಿ ಕಾಕಾ. ಜಡ್ಡಾದವರ ಜೋಡಿ ಮಾತಾಡೋದು ಕಲಿಯಾಕತ್ತೇನಿ."

"ಹಂಗಾರ ಮಾತಾಡು" ಎಂದು ಕಾಕಾ ಕೂತರು. ಊಟದ ಹೊತ್ತಾದರೂ ಏಳಲಿಲ್ಲ.

೨. ರೋಗ

ಹತ್ತಿರದ ಹಳ್ಳಿ ಅಮ್ಮಿನಬಾವಿಗೆ ಜನರನ್ನು ಮಾತಾಡಿಸಲು ಹೊರಟಾಗ ನಮ್ಮ ಪ್ರೊಫೆಸರು ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಟ್ಟಿದ್ದರು. ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತು ಕೆಮ್ಮುತ್ತಿದ್ದಳು. ನಾನು ಓದಿದೆ: "ನಿಮಗೆ ಯಾವುದಾದರೂ ರೋಗವಿದೆಯೇ?"

ನಮ್ಮ ಕಡೆ ರೋಗ ಎಂಬುದು ಜಗಳದಲ್ಲಿ ಶಾಪ ಹಾಕುವ ಮಾತು.

"ನನಗ್ಯಾಕ ರೋಗ? ಇದನ್ನ ಬರದಾವಗ ಬರ್ಲಿ ರೋಗ!" ಎಂದಳು ಅಜ್ಜಿ. ಬೈದು ಮುಗಿಸಿ ನನಗೆ ಚಾ ಕೊಟ್ಟಳು.

ಮರುದಿನ ಪ್ರೊಫೆಸರು ನೆಗಡಿಯಾಗಿ ರಜೆ ಹಾಕಿದ್ದರು.

೩. ಆರಾಮ

ಆ ಪ್ರಶ್ನೆ ಬಿಟ್ಟು, ಎಲ್ಲರೂ ಕೇಳುವ ಹಾಗೆ "ಆರಾಮ ಅದೀರೇನ್ರಿ?" ಎಂದು ಶುರು ಮಾಡಿದೆ. ಊರಿಗೆ ಊರೇ ಆರಾಮ. ಕೈ ಮುರಿದುಕೊಂಡವನೂ ಆರಾಮ, ಜ್ವರದಲ್ಲಿ ನಡುಗುತ್ತಿದ್ದವಳೂ ಆರಾಮ. ಬಂದವರು ಕೇಳಿದರೆ ಹಾಗೆನ್ನುವುದೇ ಮರ್ಯಾದೆ.

ನಾನು ಬರೆದು ತಂದದ್ದನ್ನೆಲ್ಲ ಓದಿ ಪ್ರೊಫೆಸರು ಕನ್ನಡಕ ತೆಗೆದರು. "ಜಗತ್ತಿನ ಆರೋಗ್ಯದ ಸಮಸ್ಯೆ ಅಮ್ಮಿನಬಾವಿಯೊಳಗ ಬಗೀಹರದದ ಅಂತ ಬರದ್ಬಿಡು" ಎಂದರು.

ಅಜ್ಜಿಯ ಕೆಮ್ಮು ಮಾತ್ರ ಬಗೆಹರಿದಿರಲಿಲ್ಲ. ದೀಪಾವಳಿಯ ಹೊತ್ತಿಗೆ ಆಕೆಯ ಸೆರಗಿನಲ್ಲಿ ರಕ್ತದ ಕಲೆ ಕಂಡೆ. ಕೇಳಿದರೆ ಎಲೆಅಡಿಕೆ ಎಂದಳು. ಆಕೆ ಎಲೆಅಡಿಕೆ ಹಾಕುತ್ತಿರಲಿಲ್ಲ. ಅವತ್ತಿನಿಂದ ನನಗೆ ಓದು, ಪದವಿ ಯಾವುದೂ ಬೇಡವಾಯಿತು. ಅಜ್ಜಿ ಉಳಿಯಬೇಕು, ಅಷ್ಟೇ.

೪. ದವಾಖಾನೆ

ಹಲುಬಿ, ಸಿಟ್ಟು ಮಾಡಿ, ಕೊನೆಗೆ ಅತ್ತು, ಆಕೆಯನ್ನು ಧಾರವಾಡದ ಬಸ್ಸು ಹತ್ತಿಸಿದೆ. ದವಾಖಾನೆಯಲ್ಲಿ ಡಾಕ್ಟರು ತಲೆ ಎತ್ತಿ, "ಹ್ಯಾಂಗದೀರಿ ಅಜ್ಜಿ?" ಎಂದರು.

"ಆರಾಮ ಅದೇನ್ರಿ ಸಾಹೇಬ್ರ. ನಿಮ್ಮ ಮನ್ಯಾಗ ಎಲ್ಲಾರೂ ಆರಾಮ್ರಿ?"

"ಎಲ್ಲಾರೂ ಆರಾಮ ಅದಾರ."

"ಛಲೋ ಆತು. ಬರತೇನ್ರಿ" ಎಂದು ಎದ್ದೇಬಿಟ್ಟಳು. ಡಾಕ್ಟರೂ ಮುಂದಿನವರನ್ನು ಕರೆದರು.

ನಾನು ಬಾಗಿಲಿಗೆ ಅಡ್ಡ ನಿಂತು, "ಸರ್, ಈಕಿ ಆರಾಮ ಅಂದ್ರ ನಂಬಬ್ಯಾಡ್ರಿ. ಎದಿ ನೋಡ್ರಿ!" ಎಂದು ಕೂಗಿದೆ.

ನೋಡಿದರು. ಬಹಳ ಹೊತ್ತು ನೋಡಿದರು. ಅವತ್ತೇ ಹಾಸಿಗೆ ಕೊಟ್ಟರು. ತಡವಾಗಿತ್ತು. ಅಜ್ಜಿ ಅಲ್ಲಿಂದ ಮನೆಗೆ ಮರಳಲಿಲ್ಲ.

ಕೊನೆಯ ಸಲ ನೋಡಲು ಹೋದಾಗ ಆಕೆಗೆ ಉಸಿರಾಡುವುದೇ ಕಷ್ಟವಾಗಿತ್ತು. ಹೇಗಿದ್ದೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಕೆಯೇ ಕೇಳಿದಳು.

"ಯಾಕ ತಂಗಿ, ಮಾರಿ ಸಣ್ಣ ಮಾಡೀ? ಆರಾಮ ಅದೀಯಿಲ್ಲ?"

"ಆರಾಮ ಅದೇನಿ ಅಜ್ಜಿ" ಎಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಪಕ್ಕದ ಹಾಸಿಗೆಯ ಹತ್ತಿರವಿದ್ದ ಡಾಕ್ಟರನ್ನು ಕೈಸನ್ನೆ ಮಾಡಿ ಕರೆದು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಹೇಳಿದಳು:

"ಸಾಹೇಬ್ರ, ಈಕಿ ಆರಾಮ ಅಂದ್ರ ನಂಬಬ್ಯಾಡ್ರಿ. ಎದಿ ನೋಡ್ರಿ."